ಆಪತ್ಕಾಲಕ್ಕೊಂದು ಊರಿನ ಮನೆ

ಮುಂಬಯಿ ಕನ್ನಡಿಗರ ಸಂಸಾರಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: ‘ಏನೇ ಆಗಲಿ, ಊರಿನಲ್ಲೊಂದು ಮನೆಯಿದೆಯಲ್ಲ!’ ಡೊಂಬಿವಲಿಯ ಎರಡು ಕೋಣೆಗಳ ಬಿಡಾರದಲ್ಲಿ, ಭಾಂಡೂಪಿನ ಚಾಳಿನಲ್ಲಿ, ಮಾಟುಂಗದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಜೀವಮಾನವೆಲ್ಲ ಕಳೆದವರಿಗೆ ಈ ಮಾತು ಒಂದು ಧೈರ್ಯ. ಕೆಲಸ ಹೋದರೆ, ಮಗನ ಸಂಸಾರ ಬೆಳೆದು ಜಾಗ ಸಾಲದಾದರೆ, ನಗರಕ್ಕೆ ಏನಾದರೂ ವಿಪತ್ತು ಬಂದರೆ, ಕುಂದಾಪುರದ ಒಳಗಿನ ಯಾವುದೋ ಹಳ್ಳಿಯಲ್ಲಿ, ಕಾರ್ಕಳದ ಗುಡ್ಡದ ಬುಡದಲ್ಲಿ, ಮಂಜೇಶ್ವರದ ಕಡಲ ಬದಿಯಲ್ಲಿ ಹೆಂಚಿನ ಮನೆಯೊಂದು ತಮಗಾಗಿ ಕಾದಿದೆ ಎಂಬ ನಂಬಿಕೆ ಅದು. ಆ ನಂಬಿಕೆ ಎಷ್ಟು ಗಟ್ಟಿಯಾದುದು ಎಂಬುದನ್ನು ಪರೀಕ್ಷಿಸಿ ನೋಡಿದವರು ಮಾತ್ರ ವಿರಳ.

ಮುಂಬಯಿಯ ಇತಿಹಾಸವು ಈ ಪರೀಕ್ಷೆಯನ್ನು ಎರಡು ಬಾರಿಯಾದರೂ ಮಾಡಿದೆ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೋ ವಿಯೆಗಸ್ ಅವರು ಪ್ಲೇಗನ್ನು ಗುರುತಿಸಿದ ಮೇಲೆ ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನರು ನಗರವನ್ನು ಬಿಟ್ಟು ಊರುಗಳಿಗೆ ಓಡಿದರು. ಓಡಿದವರ ಗಂಟುಮೂಟೆಗಳೊಂದಿಗೆ ರೋಗವೂ ಪ್ರಯಾಣ ಮಾಡಿತು. ಎರಡೇ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳು ಆ ಮಾರಿಗೆ ತುತ್ತಾದವು. ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಸಹಸ್ರಾರು ಜನರಿಗೆ ಹಾಕಬೇಕಾಯಿತು. ಆಶ್ರಯವೆಂದು ಬಗೆದ ಊರೇ ಆಸ್ಪತ್ರೆಯಾಗಿ ಮಾರ್ಪಟ್ಟಿತ್ತು.

ಎರಡನೆಯ ಪರೀಕ್ಷೆ 2020ರದು. ಮಾರ್ಚ್ 25ರಿಂದ ದೇಶವೆಲ್ಲ ಸ್ತಬ್ಧವಾಯಿತು. ರೈಲುಗಳು ಅದಕ್ಕಿಂತ ಮೊದಲೇ ನಿಂತಿದ್ದವು. ಹೊಟೇಲುಗಳು ಮುಚ್ಚಿ, ಅಲ್ಲಿಯೇ ಉಂಡು ಅಲ್ಲಿಯೇ ಮಲಗುತ್ತಿದ್ದ ಕರಾವಳಿಯ ಹುಡುಗರಿಗೆ ಅನ್ನವೂ ಇಲ್ಲ, ನೆಲೆಯೂ ಇಲ್ಲ ಎಂಬಂತಾಯಿತು. ಊರಿಗೆ ಹೋಗಲು ‘ಸೇವಾ ಸಿಂಧು’ವಿನ ಅನುಮತಿ ಬೇಕಾಯಿತು. ಮೇ 18ರಂದು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರನ್ನು ಆ ತಿಂಗಳ ಕೊನೆಯವರೆಗೆ ತಡೆಯಲು ಕರ್ನಾಟಕ ಸರಕಾರ ತೀರ್ಮಾನಿಸಿತು. ಹೇಗೋ ತಲುಪಿದವರು ಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ದಿನಗಳನ್ನೆಣಿಸಿದರು. ಜೂನ್ ತಿಂಗಳ ಆರಂಭದಲ್ಲಿ ಉಡುಪಿ ಜಿಲ್ಲೆಯ ಸೋಂಕಿತರ ಪಟ್ಟಿಯಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಮರಳಿದವರೇ ಆಗಿದ್ದರು. ಹುಟ್ಟಿದೂರಿನ ಜನರೇ ಮುಂಬಯಿಯವರನ್ನು ಕಂಡು ದೂರ ಸರಿಯುವಂತಾದುದನ್ನು ಎಷ್ಟೋ ಮಂದಿ ಇಂದಿಗೂ ಮರೆತಿಲ್ಲ. ಇನ್ನು, ವರ್ಷಗಟ್ಟಲೆ ಬೀಗ ಹಾಕಿದ್ದ ಮನೆಗಳ ಬಾಗಿಲು ತೆರೆದವರಿಗೆ ಕಂಡದ್ದು ಗೆದ್ದಲು, ಸೋರುವ ಮಾಡು, ಕೆಟ್ಟುನಿಂತ ಪಂಪು.

ಊರು ಆಶ್ರಯವಲ್ಲವೆಂದು ಇದರ ಅರ್ಥವಲ್ಲ. ಆದರೆ ಹೆಣ್ಣು ನೋಡುವಾಗ, ಗಂಡು ನೋಡುವಾಗ ತೋರುವ ಎಚ್ಚರಿಕೆಯ ಕಾಲುಭಾಗವನ್ನಾದರೂ, ಮುಪ್ಪಿನಲ್ಲಿ ನೆಲಸಬೇಕಾದ ಊರನ್ನು ನೋಡುವಾಗ ತೋರಬೇಡವೇ? ಮುಂಬಯಿಯವರು ಊರಿಗೆ ಹೋಗುವುದು ಮದುವೆ, ಕೋಲ, ನಾಗಪೂಜೆಗಳ ಕಾಲಕ್ಕೆ. ಮನೆ ತುಂಬ ಜನ, ದಾರಿ ತುಂಬ ವಾಹನ, ಅಡುಗೆಗೆ ಬಾಣಸಿಗರು. ಅಂಥ ನಾಲ್ಕು ದಿನಗಳಲ್ಲಿ ಊರಿನ ನಿಜಸ್ವರೂಪ ತಿಳಿಯದು. ಎರಡು ಬಾರಿ ಹೋಗಿ ನೋಡಬೇಕು: ಮೇ ತಿಂಗಳ ಮಧ್ಯದಲ್ಲೊಮ್ಮೆ, ನೀರಿಗಾಗಿ, ಆಟಿಯ ಮಳೆಯಲ್ಲಿ ಮತ್ತೊಮ್ಮೆ, ಉಳಿದೆಲ್ಲಕ್ಕಾಗಿ.

ನೀರಿನ ವಿಷಯ ಮೊದಲನೆಯದು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಮುಂಬಯಿಯ ಮಳೆಗಿಂತಲೂ ಇದು ಬಹಳ ಹೆಚ್ಚು. ಇಷ್ಟಿದ್ದೂ ಎಪ್ರಿಲ್ ಕಳೆಯುವುದರೊಳಗೆ ಬಾವಿಗಳ ತಳ ಕಾಣುವುದೇಕೆ? ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಇಲ್ಲಿನ ಮುರಕಲ್ಲಿನ ನೆಲವು ಜಾಳಿಗೆಯಂತೆ ರಂಧ್ರಮಯವಾದುದು. ನೀರನ್ನು ಬೇಗನೆ ಕುಡಿದು, ಬೇಗನೆ ತಗ್ಗಿನ ತೋಡಿಗೆ ಬಿಟ್ಟುಕೊಡುತ್ತದೆ. ಗದ್ದೆಗಳಲ್ಲಿ ಎರಡು ಬೆಳೆ, ಮೂರು ಬೆಳೆ ತೆಗೆಯುತ್ತಿದ್ದ ಕಾಲದಲ್ಲಿ ನಿಂತ ನೀರು ಇಂಗಿ ಬಾವಿಗಳನ್ನು ತುಂಬುತ್ತಿತ್ತು. ತೋಡುಗಳಿಗೆ ಮಣ್ಣು, ಕಲ್ಲು, ಸೊಪ್ಪುಗಳಿಂದ ವರ್ಷವರ್ಷವೂ ಕಟ್ಟಗಳನ್ನು ಹಾಕುತ್ತಿದ್ದರು. ಈಗ ಗದ್ದೆಗಳು ಹಡಿಲು ಬಿದ್ದಿವೆ, ಇಲ್ಲವೇ ಅಡಿಕೆಯ ತೋಟಗಳಾಗಿವೆ. ಕಟ್ಟ ಕಟ್ಟುವ ಕೈಗಳಿಲ್ಲ. ಕೆಲವೆಡೆ ಕಿಂಡಿ ಅಣೆಕಟ್ಟುಗಳು ಆ ಸ್ಥಾನವನ್ನು ತುಂಬಿವೆ. ಆದರೆ ಸಕಾಲದಲ್ಲಿ ಹಲಗೆ ಇಳಿಸುವವರಿದ್ದರೆ ಮಾತ್ರ ಅವುಗಳಿಂದ ಪ್ರಯೋಜನ. ಊರು ನೋಡಲು ಹೋದವರು ಆ ಹಲಗೆಗಳು ಎಲ್ಲಿವೆಯೆಂದು ವಿಚಾರಿಸಿದರೆ ಊರಿನ ಅರ್ಧ ಚರಿತ್ರೆ ತಿಳಿದುಬಿಡುತ್ತದೆ.

ಕೇಳಬೇಕಾದುದು ‘ಬಾವಿ ಇದೆಯೇ?’ ಎಂದಲ್ಲ, ‘ಮೇ ತಿಂಗಳಲ್ಲಿ ಎಷ್ಟು ಕೋಲು ನೀರಿರುತ್ತದೆ?’ ಎಂದು. ಬಾವಿಯಲ್ಲಿ ನೀರು ಕಡಿಮೆಯಾದಾಗ ಕೊಳವೆಬಾವಿಯನ್ನು ಕೊರೆಯಿಸುವುದೇ ಪರಿಹಾರವೆಂದು ಎಲ್ಲರೂ ಭಾವಿಸುತ್ತಾರೆ. ನೆರೆಯವನ ಕೊಳವೆಬಾವಿಯೇ ತನ್ನ ಬಾವಿಯನ್ನು ಬತ್ತಿಸಿತೋ ಏನೋ ಎಂಬ ವಿಚಾರ ಆಗ ಹೊಳೆಯುವುದಿಲ್ಲ. ನದೀಮುಖಗಳ ಬಳಿ, ಕಡಲ ಬದಿಯಲ್ಲಿ, ಬೇಸಗೆಯಲ್ಲಿ ನೀರು ಉಪ್ಪಾಗುವುದುಂಟು. ಒಂದು ಗುಟುಕು ಬಾಯಿಗೆ ಹಾಕಿ ನೋಡಿದರೆ ಸಾಕು. ಕಾಸರಗೋಡಿನ ಎಣ್ಮಕಜೆ, ಬಾಯಾರು, ಅದಕ್ಕೆ ತಾಗಿದ ಬಂಟ್ವಾಳದ ಒಳನಾಡುಗಳಲ್ಲಿ ಬೇರೊಂದು ದಾರಿಯಿದೆ. ಅಲ್ಲಿನವರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಒಸರುವ ನೀರನ್ನು ಪಂಪಿನ ಹಂಗಿಲ್ಲದೆ ಅಂಗಳಕ್ಕೆ ತರುತ್ತಾರೆ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಕೈಯಿಂದ ಸುರಂಗ ಕೊರೆದರು. ಒಂದರ ಮೇಲೊಂದರಂತೆ ಹಲವು ನಿಷ್ಫಲವಾದರೂ ಬಿಡದೆ ನೀರು ಕಂಡು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಕರೆಂಟು ಹೋದರೂ ನೀರು ಬರುವ ಮನೆಯೇ ಆಪತ್ಕಾಲದ ಮನೆ. ಸುರಂಗ ಎಲ್ಲರಿಗೂ ಲಭ್ಯವಲ್ಲ. ಬಾವಿಗೆ ರಾಟೆ, ಹಗ್ಗ, ಕೊಡಪಾನಗಳನ್ನು ಉಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ವಿದ್ಯುತ್ತು ಇಲ್ಲದಿರುವುದು ಒಳನಾಡಿನಲ್ಲಿ ಅಪರೂಪವೇನಲ್ಲ.

ನೀರು ಇದ್ದರಾಯಿತೇ? ಶುದ್ಧವಾಗಿಯೂ ಇರಬೇಕು. ಮುರಕಲ್ಲಿನ ನೆಲದಲ್ಲಿ ಕೊಳೆನೀರು ಸುಲಭವಾಗಿ ಹರಿದು ಬಾವಿಯನ್ನು ಸೇರುವುದರಿಂದ ಪಾಯಿಖಾನೆಯ ಗುಂಡಿ ಬಾವಿಯಿಂದ 15 ಮೀಟರಿಗಿಂತ ದೂರದಲ್ಲಿ, ಸಾಧ್ಯವಾದರೆ ತಗ್ಗಿನ ಕಡೆಗೆ, ಇರಬೇಕಾದುದು ಅವಶ್ಯ. ಬಹುಕಾಲ ಮುಚ್ಚಿದ್ದ ಮನೆಗೆ ಮರಳಿದವರು ಬಾವಿಯ ನೀರನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಪಡಿಸಿಕೊಳ್ಳುವುದು ಲೇಸು. ಸಾವಿರ ಲೀಟರ್ ನೀರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಮ್ ಎಂಬುದು ವೈದ್ಯಶಾಸ್ತ್ರದ ಪುಸ್ತಕಗಳ ಲೆಕ್ಕ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಅದು ಸುಮಾರು 14,000 ಲೀಟರಾಯಿತು; 35 ಗ್ರಾಮ್ ಪುಡಿ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರನ್ನು ಮಾತ್ರ ಬಾವಿಗೆ ಬಿಟ್ಟು ಚೆನ್ನಾಗಿ ಕಲಕಿ, ಒಂದು ಗಂಟೆ ಕಳೆದ ಮೇಲೆ ಬಳಸಬೇಕು. ಕುದಿಸಿ ಕುಡಿಯುವ ಅಭ್ಯಾಸ ಇದ್ದರೆ ಬಿಡಬಾರದು.

ಆಟಿಯಲ್ಲಿ ನೋಡಬೇಕಾದುದು ನೆರೆ ಮತ್ತು ಗುಡ್ಡ. ನೇತ್ರಾವತಿಯ ದಡದ ಹಿರಿಯರು 1923ರ ಮತ್ತು 1974ರ ನೆರೆಗಳನ್ನು ಇಂದಿಗೂ ಅಳತೆಗೋಲಾಗಿ ಬಳಸುತ್ತಾರೆ: ‘ಎಪ್ಪತ್ತನಾಲ್ಕರಲ್ಲಿ ನೀರು ಇಲ್ಲಿಯವರೆಗೆ ಬಂದಿತ್ತು’ ಎಂದು ಗೋಡೆಯನ್ನು ತೋರಿಸಬಲ್ಲವರು ಸಿಕ್ಕಿದರೆ ಅದಕ್ಕಿಂತ ದೊಡ್ಡ ದಾಖಲೆ ಬೇಡ. ಗುಡ್ಡದ ವಿಷಯ ಹೀಗಲ್ಲ. ಹಿಂದೆ ಕುಸಿಯದ ಗುಡ್ಡವೂ, ಬುಡವನ್ನು ಕಡಿದ ಮೇಲೆ ಕುಸಿಯಬಹುದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜರಿದು ಗಂಗಾವಳಿಗೆ ಬಿದ್ದಾಗ, ದಾರಿಯಲ್ಲಿದ್ದವರ ಪ್ರಾಣಗಳು ಹೋದುದಲ್ಲದೆ, ಎದ್ದ ನೀರಿನ ಹೊಡೆತಕ್ಕೆ ನದಿಯಾಚೆಯ ಉಳುವರೆಯ ಮನೆಗಳೂ ಸಿಕ್ಕಿದವು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ದುರಂತ ನಡೆಯಿತು. ಯಂತ್ರದಿಂದ ಗುಡ್ಡವನ್ನು ಲಂಬವಾಗಿ ಕಡಿದು ಮಾಡಿದ ಮನೆನಿವೇಶನಗಳು ಇಂದು ಕರಾವಳಿಯಲ್ಲೆಲ್ಲ ಮಾರಾಟಕ್ಕಿವೆ. ಬೇಸಗೆಯಲ್ಲಿ ನೋಡಿದರೆ ಬಲು ಚೆಂದ. ಹೊಸ ಬಿರುಕುಗಳು, ವಾಲಿದ ಮರಗಳು, ಗುಡ್ಡದ ಬುಡದಲ್ಲಿ ಒಮ್ಮೆಲೇ ಕೆಂಪಾಗಿ ಹೊಮ್ಮುವ ಒರತೆ – ಇವು ಕಂಡರೆ ಮನೆಯನ್ನು ಬಿಟ್ಟು ಹೊರಡುವುದೇ ಜಾಣತನ; ಸಾಮಾನು ಕಟ್ಟುತ್ತ ಕುಳಿತುಕೊಳ್ಳಬಾರದು.

ಊರಿಗೆ ತಲುಪುವ ದಾರಿಯ ಬಗೆಗೂ ಒಂದು ಮಾತು. ಹಿಂದೆ ಮುಂಬಯಿಗೂ ಮಂಗಳೂರಿಗೂ ಹಡಗು ಓಡುತ್ತಿದ್ದಾಗ ಮಳೆಗಾಲದಲ್ಲಿ ಅದು ನಿಲ್ಲುತ್ತಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದಮೇಲೆ ಊರು ಒಂದು ರಾತ್ರಿಯ ದೂರಕ್ಕೆ ಬಂದಿತು. ಆದರೆ 2003ರ ಜೂನ್ 22ರಂದು ವೈಭವವಾಡಿಯ ಬಳಿ ಹಳಿಗೆ ಬಿದ್ದ ಬಂಡೆಗಳಿಗೆ ಕಾರವಾರದಿಂದ ಹೊರಟ ರೈಲು ಬಡಿದು ಐವತ್ತರಷ್ಟು ಜನರು ಸತ್ತರು. ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ, ವೇಗಮಿತಿಗಳು ಇರುವುದು ಇಂಥ ಅಪಾಯಗಳಿಂದಾಗಿ. ಜುಲೈಯಲ್ಲಿ ವಿಪತ್ತು ಬಂದರೆ ‘ರಾತ್ರಿ ಗಾಡಿ ಹತ್ತಿದರೆ ಬೆಳಿಗ್ಗೆ ಊರು’ ಎಂಬ ಲೆಕ್ಕ ನಡೆಯದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಊರಿಗೆ ಹೋಗುವ ಮಾತಿರಲಿ, ಅಂಧೇರಿಯಿಂದ ಘಾಟ್ಕೋಪರಿಗೆ ಹೋಗುವುದೇ ಕಷ್ಟವಾಗಿತ್ತು.

ಆರೋಗ್ಯದ ದೃಷ್ಟಿಯಿಂದ ಊರನ್ನು ಅಳೆಯುವಾಗ ಮುಂಬಯಿಯವರು ಮಾಡುವ ತಪ್ಪು, ಆಸ್ಪತ್ರೆಯ ದೂರವನ್ನು ಮೈಲಿಗಳಲ್ಲಿ ಎಣಿಸುವುದು. ಎಣಿಸಬೇಕಾದುದು ನಿಮಿಷಗಳನ್ನು, ಅದೂ ಮಳೆಯ ರಾತ್ರಿಯ ನಿಮಿಷಗಳನ್ನು. 1953ರಲ್ಲಿ ಸ್ಥಾಪನೆಗೊಂಡ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಮಂಗಳೂರಿನ ವೆನ್ಲಾಕ್ ಮತ್ತಿತರ ಆಸ್ಪತ್ರೆಗಳಿಂದಾಗಿ ಈ ಕರಾವಳಿಗೆ ಇರುವ ವೈದ್ಯಕೀಯ ಅನುಕೂಲ ದೇಶದ ಹಲವು ಜಿಲ್ಲೆಗಳಿಗಿಲ್ಲ. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರ ನವೆಂಬರಿನಿಂದ ಇದೆ. ಆದರೆ ಮುಖ್ಯರಸ್ತೆಯಿಂದ ಮನೆಯವರೆಗೆ ವಾಹನ ಬರುವುದೇ? ನಡುವಿನ ಕಾಲುಸಂಕ ಮಳೆಗಾಲದಲ್ಲಿ ಮುಳುಗುವುದೇ? ರಾತ್ರಿ ಎರಡು ಗಂಟೆಗೆ ಎದೆನೋವು ಬಂದ ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ ಹೊರಲು ನೆರೆಯಲ್ಲಿ ಇಬ್ಬರು ಗಟ್ಟಿಮುಟ್ಟಾದ ಹುಡುಗರು ಇದ್ದಾರೆಯೇ? ಇದ್ದ ಹುಡುಗರೆಲ್ಲ ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವುದು ಈಗಿನ ಸ್ಥಿತಿ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆಯೊಳಗೆ ದೊರೆತ ಚಿಕಿತ್ಸೆಗೆ ಇರುವ ಬೆಲೆ ಆಮೇಲಿನದಕ್ಕಿಲ್ಲ.

ಆಸ್ಪತ್ರೆಗೂ ಮನೆಗೂ ನಡುವೆ ರಾಜ್ಯದ ಗಡಿಯಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಜನರು ಚಿಕಿತ್ಸೆಗೆ ಎಂದಿನಿಂದಲೂ ಮಂಗಳೂರನ್ನೇ ನಂಬಿದವರು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿತು; ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳು ಹಿಂದಿರುಗಿದವು; ಕೆಲವರು ದಾರಿಯಲ್ಲಿಯೇ ತೀರಿಕೊಂಡರು; ವಿಷಯ ನ್ಯಾಯಾಲಯಗಳವರೆಗೆ ಹೋಯಿತು. ನಕ್ಷೆಯ ಮೇಲಿನ ಒಂದು ಗೆರೆಯು ಅರ್ಧ ಗಂಟೆಯ ದಾರಿಯನ್ನು ಅನಂತವಾಗಿ ಮಾಡಬಲ್ಲುದು.

ಊರಿನ ರೋಗಗಳು ನಗರದವಲ್ಲ. ಗದ್ದೆ, ತೋಟಗಳಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಇಲಿಜ್ವರದ ಭಯ. ಕಾಲಿನ ಗಾಯದಿಂದ ಒಳಹೊಕ್ಕ ರೋಗಾಣು ಮೂತ್ರಪಿಂಡಗಳನ್ನೇ ಕೆಡಿಸಬಹುದು. ಮುಂಬಯಿಯವರಿಗೂ ಈ ಜ್ವರ ಅಪರಿಚಿತವಲ್ಲ, 2005ರ ಪ್ರವಾಹದ ಹಿಂದೆಯೇ ಅದು ಇಲ್ಲಿ ಹಬ್ಬಿತ್ತು. ಕೊಳೆನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕೆಂದು ನಗರಪಾಲಿಕೆ ಪ್ರತಿ ಮಳೆಗಾಲದಲ್ಲೂ ಹೇಳುತ್ತದೆ. ಹಾವಿನ ವಿಷಯದಲ್ಲಿ ಇನ್ನೂ ಹಳೆಯ ನಂಬಿಕೆಗಳೇ ನಡೆಯುತ್ತಿರುವುದು ವಿಷಾದಕರ. ನಾಗರಹಾವು, ಕಡಂಬಳ, ಕೊಳಕುಮಂಡಲ – ಯಾವುದು ಕಚ್ಚಿದರೂ ಗಾಯವನ್ನು ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ವಿಷಪ್ರತಿರೋಧಕ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ಸದಾ ಇರುತ್ತದೆ ಎಂಬುದನ್ನು ಊರಿಗೆ ಹೋದ ವಾರದಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳಬೇಕು. ಘಟ್ಟದ ಬುಡ, ಮಲೆನಾಡುಗಳಲ್ಲಿ ಮನೆಯಿದ್ದವರಿಗೆ ಮಂಗನಕಾಯಿಲೆಯ ಅರಿವು ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವನ್ನು ಹರಡುವುದು ಉಣ್ಣಿ. ಬೇಸಗೆಯ ತಿಂಗಳುಗಳಲ್ಲಿ ತರಗೆಲೆ ತರಲು ಕಾಡಿಗೆ ಹೋದವರಿಗೆ ಅದು ತಗಲುವುದು ಹೆಚ್ಚು. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ನೆಲದ ಪೂರ್ವಚರಿತ್ರೆಯೂ ಆರೋಗ್ಯದ ವಿಷಯವೇ: ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿದ್ದರ ಫಲವನ್ನು ಕಾಸರಗೋಡಿನ ಹಳ್ಳಿಗಳು, ಬೆಳ್ತಂಗಡಿಯ ಕೊಕ್ಕಡ ಪರಿಸರದ ಮನೆಗಳು ಉಂಡಿವೆ, ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿದುದು 2011ರಲ್ಲಿ. ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯ ಒಳ್ಳೆಯ ಸಂಪ್ರದಾಯ. ಆದರೆ ನಸುಕಿನ ಕತ್ತಲಲ್ಲಿ ಕೆತ್ತೆ ತರುವವರಿಗೆ ಮರದ ಗುರುತು ಚೆನ್ನಾಗಿ ತಿಳಿದಿರಲಿ. ಮುಂಬಯಿಯಿಂದ ಬಂದ ಉತ್ಸಾಹಿಗಳು ಆ ಕೆಲಸಕ್ಕೆ ಹೊರಡದಿರುವುದೇ ಒಳ್ಳೆಯದು.

ಜಮೀನಿನ ಕಾಗದಪತ್ರಗಳ ಬಗೆಗೆ ವಕೀಲರೇ ಹೇಳಬೇಕು. ಇಷ್ಟು ಸಾಕು: 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿದಾರನದಾದ ಭೂಮಿಯನ್ನು ‘ನಮ್ಮದು’ ಎಂದು ಮುಂಬಯಿಯಲ್ಲಿ ಇಂದಿಗೂ ಹೇಳಿಕೊಳ್ಳುವವರಿದ್ದಾರೆ. ಪಹಣಿಯಲ್ಲಿ ಯಾರ ಹೆಸರಿದೆ, ಕುಟುಂಬದ ಮನೆ ಪಾಲಾಗಿದೆಯೇ, ಬೇಲಿಯೊಳಗಿನ ನೆಲದಲ್ಲಿ ವರ್ಗ ಎಷ್ಟು, ಕುಮ್ಕಿ ಎಷ್ಟು ಎಂಬುದನ್ನು ನೋಡದೆ ಒಂದು ಇಟ್ಟಿಗೆಯನ್ನೂ ಇಡಬಾರದು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದ ವಿಧಿಗಳನ್ನು ಕರ್ನಾಟಕವು 2020ರಲ್ಲಿ ತೆಗೆದುಹಾಕಿದ ಮೇಲೆ ಭೂಮಿಗೆ ಗಿರಾಕಿಗಳು ಹೆಚ್ಚಿದ್ದಾರೆ. ಅವಸರಕ್ಕೆ ಅದು ಕಾರಣವಾಗಬಾರದು.

ಬಿಜಾಪುರ, ಕಲಬುರಗಿ, ಸೊಲ್ಲಾಪುರದ ಗಡಿಭಾಗಗಳಿಂದ ಬಂದ ಕನ್ನಡಿಗರಿಗೆ ಪ್ರಶ್ನೆಗಳು ಬೇರೆ. ಅಲ್ಲಿ ಕೇಳಬೇಕಾದುದು ಬರದ ವರ್ಷದ ನೀರನ್ನು, ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡನ್ನು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿಯ ಭೂಕಂಪದಲ್ಲಿ ಹೆಚ್ಚಿನವರನ್ನು ಕೊಂದುದು ಮಣ್ಣುಗಾರೆಯ ದಪ್ಪ ಕಲ್ಲುಗೋಡೆಗಳು ಎಂಬುದನ್ನೂ ಹಳೆಯ ವಾಡೆಯ ಆಸೆಯುಳ್ಳವರು ನೆನೆಯಬೇಕು.

ನೆಲ ಉಣಿಸುವುದೇ ಎಂಬುದು ಮುಂದಿನ ವಿಚಾರ. ‘ಊರಲ್ಲಿ ಎರಡೆಕರೆ ತೋಟವಿದೆ, ಉಪವಾಸ ಬೀಳುವುದಿಲ್ಲ’ ಎನ್ನುವವರಿಗೆ ಒಂದು ಸಣ್ಣ ಸಂಗತಿಯನ್ನು ಜ್ಞಾಪಿಸಬೇಕು: ಅಡಿಕೆಯನ್ನು ಉಣ್ಣಲಾಗದು. ಗದ್ದೆಗಳು ತೋಟಗಳಾದಂದಿನಿಂದ ಕರಾವಳಿಯ ಒಳನಾಡಿಗೂ ಅಕ್ಕಿ ಲಾರಿಯಲ್ಲೇ ಬರುತ್ತದೆ. ಆದರೂ ಹತ್ತು ತೆಂಗು, ಎರಡು ಹಲಸು, ಒಂದು ಬಾಳೆಯ ಸಾಲು, ಅಂಗಳದ ಬಸಳೆ, ಕೆಸು, ಗೆಣಸುಗಳು ಒಂದು ಸಂಸಾರಕ್ಕೆ ಕೊಡುವ ಆಧಾರ ಅಲ್ಪವಲ್ಲ. ಹಿಂದಿನವರಿಗೆ ಆಪತ್ಕಾಲದ ಸಿದ್ಧತೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪ್ರತಿ ಮಳೆಗಾಲವೂ ಅವರಿಗೆ ಒಂದು ಆಪತ್ಕಾಲವೇ ಆಗಿತ್ತು. ಮೇ ಮುಗಿಯುವುದರೊಳಗೆ ಹುಲ್ಲಿನ ಮುಡಿಗಳಲ್ಲಿ ಕುಚ್ಚಲಕ್ಕಿ, ಭರಣಿಗಳಲ್ಲಿ ಮಾವಿನಮಿಡಿ, ಉಪ್ಪುನೀರಿನಲ್ಲಿ ಹಲಸಿನ ಸೊಳೆ, ಹಪ್ಪಳದ ಕಟ್ಟು, ಒಣಮೀನು, ಕೊಟ್ಟಿಗೆಯಲ್ಲಿ ಸೌದೆ – ಎಲ್ಲವೂ ಒಳಸೇರುತ್ತಿದ್ದವು. ಹೊಳೆ ಉಕ್ಕಿ ಪೇಟೆಯ ದಾರಿ ಹದಿನೈದು ದಿನ ಕಡಿದರೂ ಒಲೆ ಆರುತ್ತಿರಲಿಲ್ಲ. ಇಂದು ಊರಿನ ಮನೆಯಲ್ಲಿ ಇರುವವರಿಗೂ ಗ್ಯಾಸು ಮುಗಿದರೆ ದಿಕ್ಕು ತೋಚದು. ಹಳೆಯ ಒಲೆಯನ್ನು ಒಡೆಯದೆ ಉಳಿಸಿಕೊಂಡವರು ಜಾಣರು. ಇವುಗಳೊಂದಿಗೆ ಈ ಕಾಲದ ಮುಡಿಯೊಂದೂ ಬೇಕು: ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಒಂದು ತಿಂಗಳ ಮಾತ್ರೆಗಳು, ಔಷಧದ ಚೀಟಿಯ ಪ್ರತಿ, ವಿಮೆಯ ಪತ್ರ. ಮುಂಬಯಿಯಲ್ಲಿ ಮಾಡಿಸಿದ ವಿಮೆಗೆ ಊರಿನ ಯಾವ ಆಸ್ಪತ್ರೆಯಲ್ಲಿ ಮನ್ನಣೆಯಿದೆಯೆಂದು ಮೊದಲೇ ವಿಚಾರಿಸಿರಬೇಕು.

ಇನ್ನು ಉಳಿಯುವುದು ನೆರೆಹೊರೆ. ಬೀಗ ಹಾಕಿದ ಮುರಕಲ್ಲಿನ ಮನೆ ಮೂರು ಮಳೆಗಾಲಗಳಲ್ಲಿ ಜೀರ್ಣವಾಗುತ್ತದೆ. ಒಲೆಯ ಹೊಗೆ ಕಾಣದ ಮಾಡಿನ ಪಕಾಸುಗಳಿಗೆ ಗೆದ್ದಲು ಹಿಡಿಯಲು ತಡವಿಲ್ಲ. ಬೀಗದ ಕೈಯನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಬಾಗಿಲು ತೆರೆಯುವ, ಹೆಂಚು ಜಾರಿದರೆ ಫೋನು ಮಾಡುವ ಒಂದು ಮನೆ ಪಕ್ಕದಲ್ಲಿದ್ದರೆ ಅದು ಹತ್ತು ಸೆಂಟ್ಸು ಭೂಮಿಗಿಂತ ದೊಡ್ಡ ಆಸ್ತಿ. ಆ ಮನೆಯವರ ಮಗಳ ಮದುವೆಗೆ ಮುಂಬಯಿಯಿಂದ ಹೋಗದಿದ್ದವರು, ಆಪತ್ತಿನ ದಿನ ಅವರು ಗೇಟು ತೆರೆಯಲಿಲ್ಲವೆಂದು ದೂರುವುದು ಸಲ್ಲದು. 2020ರಲ್ಲಿ ಮರಳಿದವರಲ್ಲಿ ಪ್ರತಿವರ್ಷ ಊರಿನ ಕೆಲಸಕ್ಕೆ ಕೈಜೋಡಿಸಿದ್ದವರನ್ನು ನೆರೆಯವರು ನೋಡಿದ ಬಗೆಯೇ ಬೇರೆ, ಹತ್ತು ವರ್ಷಗಳಿಗೊಮ್ಮೆ ಕಾಣಿಸಿಕೊಂಡವರನ್ನು ನೋಡಿದ ಬಗೆಯೇ ಬೇರೆ.

ಹೀಗೆ ಅಳೆದು ನೋಡಿದಾಗ, ಅರುವತ್ತು ದಾಟಿದ, ಹೃದಯದ ಅಥವಾ ಮೂತ್ರಪಿಂಡದ ತೊಂದರೆಯುಳ್ಳ ದಂಪತಿಗಳಿಗೆ ಗುಡ್ಡದಾಚೆಯ ಮೂಲಮನೆ ತಕ್ಕ ಸ್ಥಳವಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಅಂಥವರಿಗೆ ಕುಂದಾಪುರ, ಬ್ರಹ್ಮಾವರ, ಮೂಲ್ಕಿ, ಪುತ್ತೂರುಗಳಂಥ ಪೇಟೆಗಳಿಂದ ಅರ್ಧ ಗಂಟೆಯೊಳಗೆ, ಎತ್ತರದ ನೆಲದಲ್ಲಿ, ಮೇ ತಿಂಗಳಲ್ಲೂ ಬತ್ತದ ಬಾವಿಯುಳ್ಳ ಸಣ್ಣ ಮನೆಯೇ ಮೇಲು. ನಿರ್ಧರಿಸುವ ಮೊದಲು ಆಟಿಯಲ್ಲಿ ಹದಿನೈದು ದಿನ ಅಲ್ಲಿ ಬಾಡಿಗೆಗಾದರೂ ಇದ್ದು, ಒಂದು ದಿನ ಪಂಪನ್ನು ಮುಟ್ಟದೆ ಬಾವಿಯಿಂದ ಸೇದಿದ ನೀರಲ್ಲೇ ಸಂಸಾರ ನಡೆಸಿ ನೋಡಬಹುದು. ಮೂಲಮನೆಯನ್ನು ಮಾರಬೇಕಾಗಿಲ್ಲ, ಅಣ್ಣನ ಮಕ್ಕಳೋ, ಅಕ್ಕನ ಮಕ್ಕಳೋ ಅದರ ಮಾಡು ಹೊದೆಸಿಕೊಂಡಿರಲಿ. ನಾಗರಪಂಚಮಿಯ ದಿನ ಬನಕ್ಕೆ ಹಾಲು, ಸೀಯಾಳ ಹಿಡಿದುಕೊಂಡು ಹೋಗಿ ಸಂಜೆಯೊಳಗೆ ಮರಳುವುದಕ್ಕೆ ಪೇಟೆಯ ಮನೆಯಿಂದ ದೂರವೇನೂ ಆಗದು.